ಬಟನ್ ಚೆನ್ನಾಗಿದೆ, ಟೈರಿಗೆ ವಯಸ್ಸಾಗಿದೆ

‘ಟೈರ್ ಸಿಡಿದು ಕಬ್ಬಿನ ಟ್ರ್ಯಾಕ್ಟರ್ ಪಲ್ಟಿ’ ಅನ್ನೋ ಸುದ್ದಿ ಓದಿದಾಗ ನಮಗೆ ಯಾರ ಮೇಲೂ ಸಿಟ್ಟು ಬರುವುದಿಲ್ಲ. ಟೈರು ಸಿಡೀತು, ಯಾರೇನು ಮಾಡೋಕಾಗುತ್ತೆ? 2010ರ ಒಂದು ಕಾರು ಅಪಘಾತದ ಪ್ರಕರಣದಲ್ಲಿ ವಿಮಾ ಕಂಪನಿಯೊಂದು ಬಾಂಬೆ ಹೈಕೋರ್ಟ್ ಮುಂದೆ ಇದನ್ನೇ ವಾದಿಸಿತ್ತು: ಟೈರ್ ಸಿಡಿದದ್ದು ದೈವದ ಆಟ, ಪರಿಹಾರ ನಮ್ಮ ತಲೆಗೆ ಕಟ್ಟಬೇಡಿ ಅಂತ. 2023ರಲ್ಲಿ ಕೋರ್ಟ್ ಒಪ್ಪಲಿಲ್ಲ. ಅತಿವೇಗ, ಗಾಳಿಯ ಹೆಚ್ಚುಕಡಿಮೆ, ಸೆಕೆಂಡ್ ಹ್ಯಾಂಡ್ ಟೈರು, ಬಿಸಿ ಇಂಥವೇ ಕಾರಣ ಇರುತ್ತವೆ, ಇದು ಮನುಷ್ಯರ ನಿರ್ಲಕ್ಷ್ಯ ಎಂದಿತು.

ಹಾಗಾದರೆ ಕಬ್ಬಿನ ಟ್ರೇಲರಿನ ಟೈರಿಗೆ ಯಾರು ಹೊಣೆ?

ಟ್ರೇಲರು ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ಹೊಲದ ಬದುವಿನಲ್ಲಿ ಬಿಸಿಲಿಗೆ ನಿಂತಿರುತ್ತೆ. ಎಷ್ಟೋ ಕಡೆ ಅದರ ಕೆಳಗಿರೋದು ಲಾರಿಯಿಂದ ಇಳಿಸಿದ ಹಳೇ ಟೈರು, ಇಲ್ಲವೇ ರಿಬಟನ್ ಮಾಡಿಸಿದ್ದು. ನಿಂತ ಟೈರು ಸವೆಯಲ್ಲ ನಿಜ. ಆದರೆ ರಬ್ಬರಿನೊಳಗೆ ಬೆರೆಸಿದ ಮೇಣದಂಥ ರಕ್ಷಕ ವಸ್ತು ಮೇಲ್ಮೈಗೆ ಚೆನ್ನಾಗಿ ಬರೋದು ಟೈರು ಓಡುವಾಗ. ಓಡದೇ ಇದ್ದರೆ ಬಿಸಿಲು, ಓಝೋನು ಪಕ್ಕದ ಗೋಡೆಯನ್ನು ತಿನ್ನುತ್ತವೆ, ಕೂದಲೆಳೆಯಂಥ ಬಿರುಕು ಮೂಡುತ್ತೆ. ಹಂಗಾಮು ಶುರುವಾದ ದಿನ ಅದೇ ಗೋಡೆ ಟನ್ನುಗಟ್ಟಲೆ ಕಬ್ಬು ಹೊರಬೇಕು. ಗಾಳಿಯೂ ಕಡಿಮೆ ಇದ್ದರಂತೂ ಅದು ಬಾಗಿ ಬಾಗಿ ಒಳಗೊಳಗೇ ಕಾಯುತ್ತೆ.

ನಮ್ಮ ಕಾನೂನು ನೋಡೋದು ಬೇರೆ. ಕೇಂದ್ರ ಮೋಟಾರು ವಾಹನ ನಿಯಮ 94ರ ಪ್ರಕಾರ ಕಾರು, ಲಾರಿಗಳ ಟೈರಿನ ಬಟನ್ ಕನಿಷ್ಠ 1.6 ಮಿ.ಮೀ. ಆಳ ಇರಬೇಕು, ಟೈರು ಉಬ್ಬಿರಬಾರದು, ಒಳಗಿನ ನಾರು ಕಾಣಬಾರದು. ವಯಸ್ಸಿನ ಮಾತೇ ಇಲ್ಲ. ವಯಸ್ಸು ಟೈರಿನ ಮೇಲೇ ಅಚ್ಚಾಗಿರುತ್ತೆ: 2316 ಅಂದ್ರೆ 2016ರ 23ನೇ ವಾರ ತಯಾರಾದದ್ದು. ಬಟನ್ ಎಷ್ಟೇ ಚೆನ್ನಾಗಿರಲಿ, ಹತ್ತು ವರ್ಷ ದಾಟಿದ ಟೈರು ತೆಗೆಯಿರಿ ಅಂತ ದೊಡ್ಡ ತಯಾರಕರೇ ಹೇಳುತ್ತಾರೆ. ಬಿರುಕು, ಉಬ್ಬು ಕಂಡರೆ ವಯಸ್ಸಿನ ಲೆಕ್ಕವೂ ಬೇಡ.

ಬ್ರಿಟನ್ನಿನಲ್ಲಿ 2012ರಲ್ಲಿ ಒಂದು ಬಸ್ಸಿನ ಮುಂದಿನ ಟೈರು ಸಿಡಿದು ಮೂವರು ಸತ್ತರು. ಆ ಟೈರಿಗೆ ಹತ್ತೊಂಬತ್ತೂವರೆ ವರ್ಷ, ಬಸ್ಸಿಗಿಂತ ಹಳೆಯದು! ಬಟನ್ ಮಾತ್ರ ಕಾನೂನು ಪ್ರಕಾರ ಸರಿಯಾಗಿಯೇ ಇತ್ತು. ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ವರ್ಷಗಟ್ಟಲೆ ಬೆನ್ನುಬಿದ್ದ ಮೇಲೆ, 2021ರಲ್ಲಿ ಬಸ್ಸು, ಲಾರಿಗಳ ಮುಂದಿನ ಚಕ್ರಕ್ಕೆ ಹತ್ತು ವರ್ಷ ಮೀರಿದ ಟೈರು ಹಾಕೋದನ್ನು ನಿಷೇಧಿಸಿದರು.

ನಮ್ಮಲ್ಲಿ ಸಿಕ್ಕಿಬೀಳೋದು ಡ್ರೈವರು. ಅವನ ಕಿಸೆಯಿಂದ ಹೊಸ ಟೈರು ಬರಲ್ಲ. ಕಟಾವು, ಸಾಗಣೆಯ ಒಪ್ಪಂದ ಮಾಡಿಕೊಳ್ಳೋದು, ಮುಂಗಡ ಕೊಡೋದು ಬಹುಪಾಲು ಕಡೆ ಕಾರ್ಖಾನೆ; ಆ ಖರ್ಚನ್ನು ಕಡಿದುಕೊಳ್ಳೋದು ರೈತನ ಬಿಲ್ಲಿನಿಂದ. ಅಂದರೆ ಸಾಗಣೆಗೆ ಈಗಾಗಲೇ ರೈತ ದುಡ್ಡು ಕೊಡ್ತಿದ್ದಾನೆ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕೂತಾಗ ಟನ್ನಿನ ಬೆಲೆ ವಿಧಾನಸೌಧದವರೆಗೂ ಹೋಯಿತು. ಆ ಟನ್ನು ಯಾವ ಚಕ್ರದ ಮೇಲೆ ಬರುತ್ತೆ ಅನ್ನೋದನ್ನೂ ಅಲ್ಲಿಗೇ ಒಯ್ಯಬೇಕು.

ಕಾರ್ಖಾನೆಯ ಗೇಟಿನಲ್ಲಿ ಪ್ರತಿ ಟ್ರೇಲರೂ ತೂಕಕ್ಕೆ ನಿಲ್ಲುತ್ತೆ. ಅಲ್ಲಿ ನಾಲ್ಕಂಕಿ ಓದೋಕೆ ಒಂದು ಟಾರ್ಚ್ ಸಾಕು. ಹಳೇ ಟೈರಿನ ಗಾಡಿಗೆ ಸಾಗಣೆ ಚೀಟಿ ಇಲ್ಲ, ಹೊಸ ಟೈರಿಗೆ ಮುಂಗಡದಲ್ಲೇ ಪ್ರತ್ಯೇಕ ಹಣ: ಇಷ್ಟನ್ನು ಸಕ್ಕರೆ ಇಲಾಖೆ ಹಂಗಾಮಿಗೆ ಮುಂಚೆ ಆದೇಶ ಮಾಡಲಿ. ಕೇಂದ್ರದ ನಿಯಮ ಬದಲಾಗುವವರೆಗೆ ಕಾಯೋ ಅಗತ್ಯ ಇದಕ್ಕಿಲ್ಲ.