ಹೀರೋ ಬೆವರು, ನಮ್ಮ ಬೆವರು



ಕ್ಲೈಮ್ಯಾಕ್ಸ್ ಫೈಟಿನಲ್ಲಿ ಹೀರೋ ಹಣೆಯ ಮೇಲೆ ಮುತ್ತಿನಂತೆ ಹೊಳೆಯುತ್ತದಲ್ಲ, ಅದು ಎಷ್ಟೋ ಸಲ ಬೆವರೇ ಅಲ್ಲ! ಮೇಕಪ್‌ನವರು ಸಿಂಪಡಿಸಿದ ಗ್ಲಿಸರಿನ್ ನೀರು. ‘ಕಟ್’ ಅಂದ ಕೂಡಲೇ ಒರೆಸಿದರೆ ಮುಗೀತು. ಆದರೆ ‘ಕಾಮನಬಿಲ್ಲು’ (1983) ಚಿತ್ರದಲ್ಲಿ ಅಣ್ಣಾವ್ರು ಹಾಕಿದ ಆಸನಗಳು ಅಪ್ಪಟ ನಿಜ. ಅಂಥ ಮೈ ಬೇಕೆಂಬ ಆಸೆ ತಪ್ಪಲ್ಲ.

ಆದರೆ ನಮ್ಮ ಸಿಂದಗಿಯ ಬೇಸಿಗೆ 40 ಡಿಗ್ರಿ ದಾಟುವಂಥದ್ದು, ಸ್ವಾಮೀ! ಪೊಲೀಸ್ ಭರ್ತಿಗೆಂದು 1600 ಮೀಟರ್ ಓಡುವವರು, ಗರಡಿಯಲ್ಲಿ ಸಾಮು ಮಾಡುವವರು, ಜಿಮ್ಮಿನಲ್ಲಿ ಕಬ್ಬಿಣ ಎತ್ತುವವರು ಒಮ್ಮೆ ಒಣಗಿದ ಅಂಗಿಯ ಬೆನ್ನು ನೋಡಿಕೊಳ್ಳಿ. ಬಿಳಿ ಗೆರೆ ಕಂಡೀತು. ಅದೇ ಉಪ್ಪು. ಬಿಸಿಲಲ್ಲಿ ಜೋರು ಕಸರತ್ತು ಮಾಡಿದರೆ ಗಂಟೆಗೆ ಒಂದು ಲೀಟರ್, ಕೆಲವರಿಗೆ ಇನ್ನೂ ಹೆಚ್ಚು ಬೆವರು ಹೋಗುತ್ತದೆ.

“ಬೆವರು ಇಳಿದಷ್ಟೂ ಕೊಬ್ಬು ಕರಗತೈತ್ರೀ” ಅಂತ ರೈನ್‌ಕೋಟು ತೊಟ್ಟು ಓಡುವವರಿದ್ದಾರೆ. “ಸಾಮು ಮಾಡೋವಾಗ ನೀರು ಮುಟ್ಟಬ್ಯಾಡೋ” ಅನ್ನುವ ಹಿರಿಯರೂ ಇದ್ದಾರೆ. ಎರಡೂ ಬುರುಡೆ ಅಂತ ನಾನು ಹೇಳ್ತೀನಿ. ಓಡಿ ಬಂದ ಕೂಡಲೇ ಇಳಿದ ತೂಕ ಬಹುಪಾಲು ನೀರು. ಅದನ್ನು ತುಂಬಿಕೊಳ್ಳದಿದ್ದರೆ ಎದೆ ಡವಡವ, ತಲೆಸುತ್ತು. ಮೈ ಕಾದು ಪ್ರಜ್ಞೆ ತಪ್ಪಿದರೆ ಪ್ರಾಣಕ್ಕೇ ಕುತ್ತು. ಅಲ್ಲಿ ರೀಟೇಕ್ ಇಲ್ಲ!

ಒಂದು ಗಂಟೆಯೊಳಗಿನ ಕಸರತ್ತಿಗೆ ಬರೀ ನೀರು ಸಾಕು. ಅದಕ್ಕೂ ಮೀರಿ ಬೆವರಿದರೆ ಉಪ್ಪೂ ಬೇಕು. ಬಣ್ಣದ ಬಾಟ್ಲಿಗೆ ದುಡ್ಡು ಸುರಿಯಬೇಡಿ. ಇಂಡಿ-ಸಿಂದಗಿಯವರಿಗೆ ಲಿಂಬಿಹಣ್ಣಿಗೇನು ಬರವೇ? ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಅರ್ಧ ಚಹಾ ಚಮಚ ಉಪ್ಪು, ಆರು ಚಮಚ ಸಕ್ಕರೆ, ಒಂದು ಲಿಂಬಿ. ಸಕ್ಕರೆ ಬರೀ ರುಚಿಗಲ್ಲ. ಕರುಳಿನಲ್ಲಿ ಅದು ಉಪ್ಪನ್ನು ಒಳಗೆಳೆಯುತ್ತದೆ, ಉಪ್ಪಿನ ಹಿಂದೆ ನೀರು ಬರುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬೀಸ್ ಇದೇ ಗುಟ್ಟಿನ ಉಪ್ಪು-ಸಕ್ಕರೆ ನೀರು ಕುಡಿಸಿ ಸಾವಿರಾರು ಜೀವ ಉಳಿಸಿದರು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು. ಅವರಲ್ಲವೇ ನಿಜವಾದ ಹೀರೋ?

ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿಯೂ ಆದೀತು. ಬಾಳೆಹಣ್ಣು ತಿಂದರೆ ಪೊಟ್ಯಾಸಿಯಂ ಬರುತ್ತದೆ. ಹಾಗಂತ ಬರೀ ನೀರನ್ನೇ ಕೊಡಗಟ್ಟಲೆ ಸುರಿದುಕೊಳ್ಳಬೇಡಿ. ರಕ್ತದಲ್ಲಿನ ಉಪ್ಪು ತೆಳುವಾಗಿ ವಾಂತಿ, ತಲೆನೋವು ಬರುತ್ತದೆ, ಅದೂ ಅಪಾಯವೇ. ಬಿಪಿ ಇದ್ದವರು ಡಾಕ್ಟರನ್ನು ಕೇಳಿ.

ಭರ್ತಿಗೆ ಹೋಗುವ ತಮ್ಮಂದಿರೇ, ಚೀಲದಲ್ಲಿ ಈ ಬಾಟ್ಲಿ ಇರಲಿ. ಗುರಿ ಮುಟ್ಟಿ ಬನ್ನಿ. ಮುಂದಿನ ವಾರ ಸಿಗೋಣ!