ಆ ಛಾಪಖಾನೆಯನ್ನು ತೂಕಕ್ಕೆ ಹಾಕಬೇಡಿ

ಹುನಗುಂದ, ಇಳಕಲ್ಲ, ಬಾದಾಮಿ, ಬಾಗಲಕೋಟೆ ಕಡೆಯ ಬಂಧುಗಳೇ,

ನಿಮ್ಮ ಮನೆಯ ಅಟ್ಟದ ಮೇಲೆ, ಅಂಗಡಿಯ ಹಿಂದಿನ ಕೋಣೆಯಲ್ಲಿ, ಬೀಗ ಬಿದ್ದ ಯಾವುದೋ ಛಾಪಖಾನೆಯ ಒಳಗೆ ಒಂದು ಟ್ರೆಡಲ್ ಮಷೀನು, ಸೀಸದ ಮೊಳೆಗಳ ಒಂದು ಕೇಸು, ಕಟ್ಟಿಗೆಗೆ ಬಡಿದ ನಾಲ್ಕು ಬ್ಲಾಕು ಉಳಿದಿದ್ದರೆ ದಯವಿಟ್ಟು ಗುಜರಿಯವರನ್ನು ಕರೆಯಬೇಡಿ. ಇದನ್ನು ಕೇಳಿಕೊಳ್ಳಲಿಕ್ಕೇ ಬರೆಯುತ್ತಿದ್ದೇನೆ.

ನಾನು ಮರೋಳದವನು. ಚಿತ್ರ ಬರೆಯುವುದು, ಲಿನೋದಲ್ಲಿ, ಕಟ್ಟಿಗೆಯಲ್ಲಿ ಕೊರೆದು ಅಚ್ಚು ತೆಗೆಯುವುದು ನನ್ನ ಕಸುಬು. ಪುಸ್ತಕದ ಮುಖಪುಟ, ಪತ್ರಿಕೆಯ ಕತೆಗೊಂದು ಚಿತ್ರ, ಶಾಲೆಯ ಸ್ಮರಣ ಸಂಚಿಕೆ, ಜಾತ್ರೆಯ ಹ್ಯಾಂಡ್‌ಬಿಲ್ಲು ಹೀಗೆ ಬಂದ ಕೆಲಸ ಮಾಡುತ್ತೇನೆ. ಅದು ಸಾಲದ ತಿಂಗಳು ಎರಡು ಎಕರೆ ಎರೆಹೊಲ ಕೈಹಿಡಿಯುತ್ತದೆ.

ಕಳೆದ ಬೇಸಿಗೆಯಲ್ಲಿ ಹತ್ತಿರದ ಪಟ್ಟಣವೊಂದರಲ್ಲಿ ಹಳೆಯ ಛಾಪಖಾನೆ ಖಾಲಿಯಾಯಿತು. ಸುದ್ದಿ ತಿಳಿದು ಬಸ್ಸು ಹತ್ತಿ ಹೋಗುವಷ್ಟರಲ್ಲಿ ಮಷೀನಿನ ಗಾಲಿ, ತಟ್ಟೆ, ಪೆಡಲ್ಲು ಬೇರೆಬೇರೆಯಾಗಿ ಟೆಂಪೋದಲ್ಲಿದ್ದವು. ಕಬ್ಬಿಣ ಬೇರೆ ತೂಕ, ಸೀಸ ಬೇರೆ ತೂಕ. ಮೊಳೆಗಳನ್ನು ಸಿಮೆಂಟು ಚೀಲಕ್ಕೆ ಸುರಿದಿದ್ದರು. ಮೂರು ತಲೆಮಾರಿನ ಲಗ್ನಪತ್ರಿಕೆ, ನಾಟಕದ ಕರಪತ್ರ, ತೀರಿಹೋದವರ ಹೆಸರು ಎಲ್ಲವನ್ನೂ ಅಚ್ಚುಮಾಡಿದ ಅಕ್ಷರಗಳು ಅವು. ಮಾಲೀಕರು ವಯಸ್ಸಾದವರು, ಒಳ್ಳೆಯವರು. ನನ್ನ ಮುಖ ನೋಡಿ, “ಎರಡ್ ದಿನ ಮೊದಲ ಬಂದಿದ್ರ ಹಂಗ ಕೊಡ್ತಿದ್ನೆಲ್ಲಪಾ, ಇದು ಬೇಕಾದವರು ಅದಾರಂತ ನನಗೇನ್ ಗೊತ್ತು?” ಅಂದರು. ಅವರದೇನೂ ತಪ್ಪಿಲ್ಲ. ಬೇಕಾದವರು ಇದ್ದೇವೆ ಎಂದು ನಾವೇ ಹೇಳಿರಲಿಲ್ಲ.

ಅಲ್ಲಿಂದ ನಾನು ತಂದದ್ದು ಒಂದೇ ಬ್ಲಾಕು. ಅಂಗೈ ಅಗಲದ ಜಿಂಕು, ಹಿಂದೆ ಸಾಗವಾನಿಯ ತುಂಡು, ಎರಡು ಮೂಲೆಯಲ್ಲಿ ತುಕ್ಕು ಹಿಡಿದ ಮೊಳೆ. ಬ್ರಶ್ಶಿಗೆ ಸೀಮೆಎಣ್ಣೆ ಅದ್ದಿ ತಿಕ್ಕಿದಾಗ ಗಟ್ಟಿಯಾಗಿದ್ದ ಮಸಿ ಬಿಟ್ಟು ಗದೆ ಹೊತ್ತ ಭೀಮ ಕಾಣಿಸಿದ. ಮೀಸೆಯ ಒಂದು ಎಳೆ ಸವೆದುಹೋಗಿದೆ, ಕಾಲಕಡಗದ ಗೆರೆಗಳು ಮಾತ್ರ ಇನ್ನೂ ಚೂಪಾಗಿವೆ. ಯಾವುದೋ ನಾಟಕ ಕಂಪನಿಯ ಕರಪತ್ರಕ್ಕೆ ಮಾಡಿಸಿದ್ದಿರಬೇಕು. ‘ರಕ್ತರಾತ್ರಿ’ ನಾಟಕ ಬರೆದ ಕಂದಗಲ್ ಹನುಮಂತರಾಯರ ಸೀಮೆ ನಮ್ಮದು. ಬನಶಂಕರಿ ಜಾತ್ರೆಗೆ ಇಂದಿಗೂ ಕಂಪನಿಗಳು ತಿಂಗಳುಗಟ್ಟಲೆ ಟೆಂಟು ಹಾಕುತ್ತವೆ. ನಾಟಕಕಾರರ ಹೆಸರು ನಮಗೆ ಗೊತ್ತು, ನಟರ ಹೆಸರೂ ಗೊತ್ತು. ಈ ಭೀಮನನ್ನು ಬರೆದವರ ಹೆಸರು ಬ್ಲಾಕಿನ ಯಾವ ಮೂಲೆಯಲ್ಲೂ ಇಲ್ಲ.

ಅಚ್ಚಿನ ಚಿತ್ರ ಎಂದರೆ ಏನೆಂದು ಹಲವರು ಕೇಳುತ್ತಾರೆ. ಕಂಪ್ಯೂಟರಿನಿಂದ ಪ್ರಿಂಟ್ ತೆಗೆದದ್ದೇ ಎಂದೂ ಕೇಳುತ್ತಾರೆ. ಹಾಗಲ್ಲ. ಕೊರೆದ ಹಲಗೆಗೆ ಮಸಿ ಸವರಿ ಕಾಗದಕ್ಕೆ ಒತ್ತಿ ತೆಗೆದ ಚಿತ್ರ ಅದು. ನಾನು ಕೊರೆಯುವ ಲಿನೋ, ಅಂದರೆ ಲಿನೋಲಿಯಂ, ಅಗಸಿ ಎಣ್ಣೆಯನ್ನು ಗಟ್ಟಿಮಾಡಿ, ಕಾರ್ಕಿನ ಪುಡಿ ಬೆರೆಸಿ, ಸೆಣಬಿನ ಬಟ್ಟೆಯ ಮೇಲೆ ಹಾಸಿದ ಹಾಳೆ. ನಾವು ಹಿಂಡಿ ಕುಟ್ಟಿ ರೊಟ್ಟಿಗೆ ಹಚ್ಚಿಕೊಳ್ಳುವ ಅದೇ ಅಗಸಿ. ಅಚ್ಚಿನ ಮಸಿಯ ಜೀವಾಳವೂ ಅದರ ಎಣ್ಣೆಯೇ. ಚಳಿಗಾಲದ ಬೆಳಿಗ್ಗೆ ಲಿನೋ ಕಲ್ಲಿನಂತಿರುತ್ತದೆ, ಉಳಿ ಜಾರಿ ಬೆರಳಿಗೆ ಬರುತ್ತದೆ. ಹಾಗಾಗಿ ಕಟ್ಟೆಯ ಮೇಲೆ ಸ್ವಲ್ಪ ಬಿಸಿಲಿಗಿಟ್ಟು ಮೆತ್ತಗಾದ ಮೇಲೆ ಕೊರೆಯಲು ಕೂರುತ್ತೇನೆ. ಎಲ್ಲಿ ಬಿಳಿ ಬೇಕೋ ಅದನ್ನು ಕೊರೆದು ತೆಗೆಯಬೇಕು, ಎಲ್ಲಿ ಕಪ್ಪು ಬೇಕೋ ಅದನ್ನು ಮುಟ್ಟಬಾರದು. ಅಕ್ಷರವಿದ್ದರೆ ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿ ಕೊರೆಯಬೇಕು. ಒತ್ತಕ್ಷರ ಬಂದಲ್ಲಿ ಉಸಿರು ಹಿಡಿದೇ ಕೈ ಆಡಿಸುವುದು. ಒಂದು ಗೆರೆ ಹೆಚ್ಚು ಹೋದರೆ ಮತ್ತೆ ಕೂಡಿಸುವಂತಿಲ್ಲ. ಒಂದು ಮೊಳದ ಹಲಗೆಗೆ ಎಂಟು ಹತ್ತು ದಿನ ಹಿಡಿಯುತ್ತದೆ.

ಆಮೇಲೆ ಅಚ್ಚು ತೆಗೆಯುವ ದಿನ. ಬೇಸಿಗೆಯಲ್ಲಾದರೆ ನಸುಕಿನಲ್ಲೇ ಕಾಗದ ತೇವ ಮಾಡಿ ಒದ್ದೆ ಗೋಣಿತಟ್ಟಿನೊಳಗೆ ಇಡುತ್ತೇನೆ. ಹತ್ತು ಗಂಟೆ ದಾಟಿದರೆ ಬಿಸಿಗಾಳಿ ಎಲ್ಲ ಹೀರಿಬಿಡುತ್ತದೆ, ಎರೆಮಣ್ಣಿನ ಧೂಳು ಹಸಿ ಮಸಿಯ ಮೇಲೆ ಕೂರುತ್ತದೆ. ನನ್ನಲ್ಲಿ ಯಂತ್ರವಿಲ್ಲ. ಮಸಿ ಸವರಿದ ಹಲಗೆಯ ಮೇಲೆ ಕಾಗದ ಹಾಸಿ ಸೌಟಿನ ಬೆನ್ನಿನಿಂದ ತಿಕ್ಕುತ್ತೇನೆ. ಒಂದು ಪ್ರತಿಗೆ ಅರ್ಧ ತಾಸು, ಹತ್ತು ಪ್ರತಿಯಾಗುವಷ್ಟರಲ್ಲಿ ರಟ್ಟೆ ಸೋಲುತ್ತದೆ. ಅದನ್ನೇ ಒಂದು ಪ್ರೆಸ್ಸು ಒಂದೇ ಒತ್ತಿಗೆ ಮಾಡುತ್ತದೆ. ಇಪ್ಪತ್ತು ಪ್ರತಿ ಎಂದು ನಿಶ್ಚಯಿಸಿದ್ದರೆ ಒಂದೊಂದರ ಕೆಳಗೂ ಪೆನ್ಸಿಲಿನಲ್ಲಿ 1/20, 2/20 ಎಂದು ಬರೆದು ಸಹಿ ಮಾಡುವುದು ಪದ್ಧತಿ. ಇಪ್ಪತ್ತೂ ಮೂಲವೇ, ಯಾವುದೂ ನಕಲಲ್ಲ. ಚಿತ್ರಕಲೆಯಲ್ಲಿ ನಮ್ಮಂಥ ಮನೆಗಳಿಗೆ ಎಟಕುವ ಕಲೆ ಇದೊಂದೇ ಎಂದು ನಾನು ನಂಬಿರುವುದು ಇದಕ್ಕೇ. ಒಬ್ಬ ಸಾಹುಕಾರನ ಗೋಡೆಗೆ ಹೋಗುವ ಚಿತ್ರದ ಬೆಲೆ ಇಪ್ಪತ್ತು ಮನೆಗೆ ಹಂಚಿಕೆಯಾಗುತ್ತದೆ.

ಇದು ಪರದೇಶದ ವಿದ್ಯೆ ಎಂದು ದೂರ ಇಡಬೇಡಿ. ಮರೋಳದ ಹೆಸರು ಈಗ ಹನಿ ನೀರಾವರಿಯ ಯೋಜನೆಯಿಂದ ಎಲ್ಲರ ಬಾಯಲ್ಲಿದೆ. ಅದಕ್ಕೂ ಸಾವಿರ ವರ್ಷ ಮೊದಲು, 1024ರಲ್ಲಿ, ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ಕಾಲದಲ್ಲಿ ಈ ಊರಿನಲ್ಲಿ ಒಂದು ಶಾಸನ ಹಾಕಿಸಿದರು. ಅನೇಕ ಶಾಸ್ತ್ರಗಳನ್ನು ಬಲ್ಲ ಅನಂತವೀರ್ಯನೆಂಬ ಜೈನ ಗುರುವಿನ ಹೆಸರು ಅದರಲ್ಲಿದೆ. ಇಂಥ ಶಾಸನ ಓದುವವರು ಕಲ್ಲನ್ನು ಹೊತ್ತೊಯ್ಯುವುದಿಲ್ಲ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಗಡಸು ಬ್ರಶ್ಶಿನಿಂದ ಬಡಿದು ಅಕ್ಷರದ ಕುಳಿಗಳಿಗೆ ಇಳಿಸಿ, ಮೇಲೆ ಮಸಿಯ ಗುಬುಟು ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಕಪ್ಪು ನೆಲದ ಮೇಲೆ ಅಕ್ಷರ ಬೆಳ್ಳಗೆ ಮೂಡುತ್ತದೆ. ನನ್ನ ಕೋಣೆಯಲ್ಲಿ ನಡೆಯುವುದೂ ಅದೇ. ಛಾಪಖಾನೆಯೂ ನಮಗೆ ಹೊಸದಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು ಕಲ್ಲಚ್ಚಿನಲ್ಲಿ. ಫ.ಗು. ಹಳಕಟ್ಟಿಯವರು ವಚನಗಳನ್ನು ಅಚ್ಚುಮಾಡಲಿಕ್ಕೆಂದು ಮನೆ ಮಾರಿ 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಆಗ ನಾವೆಲ್ಲ ವಿಜಾಪುರ ಜಿಲ್ಲೆಯವರೇ. ಮನೆಗಿಂತ ಛಾಪಖಾನೆ ದೊಡ್ಡದೆಂದು ಬಗೆದ ಹಿರಿಯರ ನೆಲದಲ್ಲಿ ಇಂದು ಛಾಪಖಾನೆ ಕಿಲೋ ಲೆಕ್ಕದಲ್ಲಿ ಹೋಗುತ್ತಿದೆ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಕಲಾವಿದ ಆರ್.ಎಂ. ಹಡಪದ ಅವರು 1936ರಲ್ಲಿ ಬಾದಾಮಿಯಲ್ಲಿ ಹುಟ್ಟಿದವರು. ಬೆಂಗಳೂರಿಗೆ ಹೋಗಿ ಕೆನ್ ಕಲಾಶಾಲೆ ಕಟ್ಟಿದರು, ದುಡ್ಡಿಲ್ಲದ ಎಷ್ಟೋ ಹುಡುಗರನ್ನು ಕಲಾವಿದರನ್ನಾಗಿ ಮಾಡಿದರು. ಅವರ ಶಿಷ್ಯ ಜೆ.ಎಂ.ಎಸ್. ಮಣಿ ಬಾದಾಮಿಯ ಜನರನ್ನು, ಇಲ್ಲಿನ ರುಮಾಲು, ಸೀರೆ, ಕಪ್ಪು ಮೈಯ ಮಿಂಚನ್ನು ವರ್ಷಗಟ್ಟಲೆ ಬರೆದರು. ಇನ್ನೊಬ್ಬ ಶಿಷ್ಯ, ಪುತ್ತೂರಿನ ಚಂದ್ರನಾಥ ಆಚಾರ್ಯರು ಶಾಂತಿನಿಕೇತನದಲ್ಲಿ ಅಚ್ಚುಕಲೆ ಕಲಿತವರು, ‘ಪ್ರಜಾವಾಣಿ’ ಬಳಗದಲ್ಲಿ ಚಿತ್ರಕಾರರಾಗಿದ್ದವರು. ಕತೆ ಓದುವ ಮೊದಲೇ ಅವರ ಗೆರೆಯನ್ನು ಗುರುತಿಸುವ ಓದುಗರು ಊರೂರಿನಲ್ಲಿದ್ದರು. ನಾನೂ ಅಂಥ ಚಿತ್ರಗಳನ್ನು ಕತ್ತರಿಸಿ ನೋಟುಬುಕ್ಕಿಗೆ ಅಂಟಿಸಿಕೊಂಡು ಬೆಳೆದವನು. ಯೋಚಿಸಿ ನೋಡಿ: ಬಾದಾಮಿಯ ಗುರು ಬೆಂಗಳೂರಿಗೆ ಹೋಗಬೇಕಾಯಿತು, ಅಲ್ಲಿಂದ ಶಿಷ್ಯ ಬಾದಾಮಿಗೆ ಬಂದು ನಮ್ಮನ್ನು ಬರೆಯಬೇಕಾಯಿತು. ನಮ್ಮ ಹುಡುಗರು ತಮ್ಮ ಅವ್ವನ ಮುಖವನ್ನು ತಾವೇ ಕೊರೆದು ಅಚ್ಚು ತೆಗೆಯುವ ಒಂದು ಕೋಣೆ ಈ ತಾಲ್ಲೂಕಿನಲ್ಲಿ ಯಾಕಿರಬಾರದು?

ಕೂಲಿಯ ಮಾತನ್ನೂ ಹೇಳಬೇಕು. ಹಿಂದೊಮ್ಮೆ ಒಂದು ಸಮಿತಿಯವರು ಸ್ಮರಣ ಸಂಚಿಕೆಗೆ ಮುಖಪುಟ, ಒಳಗೆ ಹನ್ನೆರಡು ಚಿತ್ರ ಬರೆಸಿಕೊಂಡರು. ಎರಡು ತಿಂಗಳ ಕೆಲಸ. ರೊಕ್ಕದ ಮಾತೆತ್ತಿದಾಗ ಹಿರಿಯರೊಬ್ಬರು, “ಊರ ಕೆಲಸಕ್ಕ ಪಗಾರ ಕೇಳ್ತಾರೇನೋ ತಮ್ಮಾ?” ಅಂದರು. ವೇದಿಕೆಗೆ ಕರೆದು ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. ಮೈಕಿನವರಿಗೆ, ಪೆಂಡಾಲಿನವರಿಗೆ, ಅಡುಗೆಯವರಿಗೆ ಅದೇ ರಾತ್ರಿ ಲೆಕ್ಕ ಚುಕ್ತಾ ಆಯಿತು. ಸಂಚಿಕೆಯಲ್ಲಿ ಜಾಹೀರಾತು ಕೊಟ್ಟವರ ಹೆಸರೆಲ್ಲ ಇತ್ತು, ಚಿತ್ರದವನದು ಇರಲಿಲ್ಲ. ಇಳಕಲ್ಲಿನ ಪೇಟೆಯಲ್ಲಿ ಗೋಮಿ ದಡಿಯೋ ಚಿಕ್ಕಿಪರಾಸ ದಡಿಯೋ ಎಂದು ನೂರು ಸಲ ಸೀರೆ ಮಗುಚಿ ನೋಡುತ್ತೇವೆ, ಚೌಕಾಸಿ ಮಾಡುತ್ತೇವೆ. ಆದರೆ ನೇಕಾರನಿಗೆ “ಪುಕ್ಕಟೆ ನೇಯ್ದು ಕೊಡು, ಹೆಸರು ಬರುತ್ತದೆ” ಎಂದು ಯಾರೂ ಹೇಳುವುದಿಲ್ಲ. ಚಿತ್ರದವನ ಉಳಿಯೂ ಮಗ್ಗದ ಲಾಳಿಯ ಹಾಗೆಯೇ ಹೊಟ್ಟೆಪಾಡಿನ ಸಾಧನ.

ಆದ್ದರಿಂದ ಜಾತ್ರೆ, ಜಯಂತಿ, ಶಾಲೆಯ ವಾರ್ಷಿಕೋತ್ಸವ ಮಾಡುವ ಸಮಿತಿಯವರಲ್ಲಿ ಕೇಳಿಕೊಳ್ಳುತ್ತೇನೆ: ಖರ್ಚಿನ ಪಟ್ಟಿ ಬರೆಯುವಾಗ ಚಿತ್ರದ ಕೂಲಿಗೆಂದು ಒಂದು ಸಾಲು ಬರೆಯಿರಿ. ಮೊತ್ತ ಚಿಕ್ಕದಿರಲಿ, ಮೊದಲೇ ಮಾತಾಗಲಿ, ಬರೆದವರ ಹೆಸರು ಅಚ್ಚಾಗಲಿ. ಫ್ಲೆಕ್ಸಿನ ವಿಷಯ ನಿಮಗೇ ಗೊತ್ತು. 2016ರ ಮಾರ್ಚಿನಲ್ಲೇ ರಾಜ್ಯ ಸರ್ಕಾರ ಅದನ್ನು ನಿಷೇಧಿಸಿದೆ. ಆದರೂ ಜಾತ್ರೆ ಮುಗಿದ ಮರುದಿನ ಹರಿದ ಫ್ಲೆಕ್ಸು ಬೇಲಿಗೆ, ದನದ ಕಾಲಿಗೆ ಸುತ್ತಿಕೊಂಡಿರುತ್ತದೆ. ಹತ್ತು ಫ್ಲೆಕ್ಸಿನ ಬದಲು ಕಾಗದದ ಮೇಲೆ ಕೈಯಿಂದ ಒತ್ತಿದ ಐವತ್ತು ಪೋಸ್ಟರು ಮಾಡಿಸಿ ನೋಡಿ. ಜನ ಅದನ್ನು ಕಿತ್ತುಕೊಂಡು ಹೋಗಿ ಮನೆಯಲ್ಲಿ ಅಂಟಿಸಿಕೊಳ್ಳುತ್ತಾರೆ.

ಶಾಲೆಯ ಮಾಸ್ತರರಿಗೆ, ಅಕ್ಕೋರಿಗೆ, ಎಸ್‌ಡಿಎಂಸಿಯ ಹಿರಿಯರಿಗೆ ಇನ್ನೊಂದು ಕೋರಿಕೆ. 1930ರಲ್ಲಿ ರವೀಂದ್ರನಾಥ ಠಾಕೂರರು ಬಂಗಾಳಿ ಮಕ್ಕಳಿಗೆ ‘ಸಹಜ ಪಾಠ’ ಬರೆದಾಗ ಅದಕ್ಕೆ ಕಲಾವಿದ ನಂದಲಾಲ ಬೋಸರು ಚಿತ್ರ ಮಾಡಿದ್ದು ಲಿನೋ ಕೊರೆದೇ. ಕೋಲು ಹಿಡಿದು ದಂಡಿಗೆ ನಡೆಯುವ ಗಾಂಧೀಜಿಯನ್ನು ಅವರು ಲಿನೋದಲ್ಲಿ ಮೂಡಿಸಿದ್ದೂ ಅದೇ ವರ್ಷ. ಅಂಥದ್ದು ನಮ್ಮ ಮಕ್ಕಳ ಕೈಗೂ ಬರಬಹುದು. ಸಣ್ಣ ಮಕ್ಕಳಿಗೆ ಬೆಂಡೆಕಾಯಿ, ಬಟಾಟೆ ಕೊಯ್ದು ಬಣ್ಣಕ್ಕೆ ಒತ್ತಿದರೆ ಸಾಕು. ಎಂಟನೆಯ ತರಗತಿ ದಾಟಿದವರಿಗೆ ಉಳಿ ಹಿಡಿಯಲು ಕಲಿಸಬಹುದು, ಕೈ ಯಾವ ಕಡೆ ಇರಬೇಕೆಂದು ಮೊದಲ ದಿನವೇ ತೋರಿಸಿಕೊಟ್ಟರೆ ಗಾಯದ ಭಯ ಕಡಿಮೆ. ಬೇಕಾದದ್ದು ಸೋರದ ಒಂದು ಕೋಣೆ, ಗಟ್ಟಿ ನೆಲ, ಒಂದು ಉದ್ದ ಮೇಜು, ಹಾಳೆ ಒಣಗಲು ಒಂದು ಹಗ್ಗ. ಮಕ್ಕಳು ಕಡಿಮೆಯಾಗಿ ಬೀಗ ಹಾಕಿದ ಕೋಣೆಗಳು ಎಷ್ಟೋ ಶಾಲೆಗಳಲ್ಲಿವೆ. ವಾರಕ್ಕೊಮ್ಮೆ, ಶನಿವಾರ ಮಧ್ಯಾಹ್ನ ನಾನು ಬಂದು ಕಲಿಸುತ್ತೇನೆ, ಅದಕ್ಕೆ ಪಗಾರ ಬೇಡ. ನನ್ನ ಹಾಗೆ ಬರಲು ಒಪ್ಪಿದ ಇನ್ನಿಬ್ಬರು ಗೆಳೆಯರಿದ್ದಾರೆ. ಮೊಳೆ ಜೋಡಿಸಿ ಬದುಕು ಸವೆಸಿದ ಹಿರಿಯರು ಇಳಕಲ್ಲಿನಲ್ಲಿ, ಹುನಗುಂದದಲ್ಲಿ ಇನ್ನೂ ನಮ್ಮ ನಡುವೆ ಇದ್ದಾರೆ. ‘ಕ್ಷ’ ಇರುವ ಖಾನೆಗೆ ನೋಡದೆ ಕೈ ಹಾಕಿ ಅದನ್ನು ತೆಗೆಯಬಲ್ಲವರು. ಅವರನ್ನು ಕುರ್ಚಿ ಹಾಕಿ ಕೂರಿಸಿ ಕೇಳಬೇಕಾದ ಕಾಲ ಇದೇ. ಅವರ ಮನೆಯವರು ಈ ಬರಹ ಓದುತ್ತಿದ್ದರೆ ಅವರಿಗೂ ಓದಿ ಹೇಳಿ.

ಯಂತ್ರ ಇಟ್ಟುಕೊಂಡವರೇ, ಪುಕ್ಕಟೆ ಕೊಡಿ ಎಂದು ನಾನು ಕೇಳುತ್ತಿಲ್ಲ. ಗುಜರಿಯವರು ಹೇಳಿದ ತೂಕದ ಬೆಲೆಯನ್ನು ನಾವು ಊರವರು ಪಟ್ಟಿ ಎತ್ತಿ ಕೊಡೋಣ. ಟ್ರಾಲಿ ಟ್ರ್ಯಾಕ್ಟರು ನಮ್ಮ ಊರಿನದೇ ಬರುತ್ತದೆ. ನಿಮ್ಮ ತಂದೆಯವರ ಹೆಸರನ್ನು ಆ ಮಷೀನಿನ ಮೇಲೆ ಬರೆಸೋಣ. ಮಾರುವ ಮುಂಚೆ ಹತ್ತಿರದ ಶಾಲೆಗೋ, ಗ್ರಾಮ ಪಂಚಾಯ್ತಿಯ ಗ್ರಂಥಾಲಯಕ್ಕೋ, ನಿಮಗೆ ಗೊತ್ತಿರುವ ಚಿತ್ರಕಲಾ ಮಾಸ್ತರರಿಗೋ ಒಂದು ಮಾತು ಮುಟ್ಟಿಸಿ, ಎರಡು ದಿನ ತಡೆಯಿರಿ.

ಭೀಮನನ್ನು ಎಣ್ಣೆ ಹಚ್ಚಿ ಹಳೆಯ ಧೋತರದ ಚೂರಿನಲ್ಲಿ ಸುತ್ತಿ ಇಟ್ಟಿದ್ದೇನೆ. ಕೋಣೆ ಎಲ್ಲಿ ಎಂದು ನೀವು ಹೇಳಿ, ಅವನನ್ನು ನಾನು ತರುತ್ತೇನೆ.