ಅಜ್ಜನ ಅಣ್ಣಿಗೇರಿ, ಅಪ್ಪನ ಹೊಸ ಬೀಜ

ಗದಗ ಕಡೆಯ ಹಳ್ಳಿಯೊಂದರಿಂದ ಹತ್ತನೇ ತರಗತಿಯ ಹುಡುಗಿಯೊಬ್ಬಳು ಪತ್ರ ಬರೆದಿದ್ದಾಳೆ. ಅವರ ಮನೆಯಲ್ಲಿ ಬಿತ್ತನೆಗೆ ಮೊದಲೇ ಜಗಳ ಶುರುವಾಗಿದೆಯಂತೆ. ಅಪ್ಪ ಎರಡು ದಿನ ಕೃಷಿ ವಿಜ್ಞಾನ ಕೇಂದ್ರದ ತರಬೇತಿಗೆ ಹೋಗಿ ಬಂದು, ಈ ಸಲ ಹಿಂಗಾರಿಗೆ ಜೆಜಿ-11 ಕಡಲೆ ಬಿತ್ತೋಣ ಎನ್ನುತ್ತಾರೆ. ಅಜ್ಜ ಒಪ್ಪುತ್ತಿಲ್ಲ. ‘ಅಣ್ಣಿಗೇರಿ ಕಡ್ಲಿ ಇಷ್ಟು ವರ್ಷ ನಮ್ಮ ಹೊಟ್ಟಿ ತುಂಬೇತಿ, ಈಗ ಅದಕ್ಕೇನಾಗೇತಿ?’ ಎನ್ನುವುದು ಅವರ ಪ್ರಶ್ನೆ. ಬೆಳೆ ಕೈಕೊಟ್ಟರೆ ಮುಂದಿನ ವರ್ಷ ತನ್ನನ್ನು ಪಟ್ಟಣದ ಕಾಲೇಜಿಗೆ ಸೇರಿಸುವುದು ಕಷ್ಟ ಎಂಬುದು ಹುಡುಗಿಯ ಚಿಂತೆ. ‘ಯಾರ ಮಾತು ಸರಿ, ತಿಳಿಸಿ’ ಎಂದು ಕೇಳಿದ್ದಾಳೆ.

ಅಜ್ಜನ ಮಾತನ್ನು ತಳ್ಳಿಹಾಕುವಂತಿಲ್ಲ. ಆದಿಕವಿ ಪಂಪನ ಹೆಸರಿನೊಂದಿಗೆ ತಳುಕು ಹಾಕಿಕೊಂಡಿರುವ ಅಣ್ಣಿಗೇರಿ ಕಡಲೆಗೂ ಹೆಸರಾದ ಊರು. ಅಲ್ಲಿನ ಹೆಸರು ಹೊತ್ತ ಅಣ್ಣಿಗೇರಿ-1 ತಳಿ 1970ರ ದಶಕದ ಕೊನೆಗೆ ಬಂದು, ನಮ್ಮ ಎರೆ ಭೂಮಿಯನ್ನಷ್ಟೇ ಅಲ್ಲ, ಆಂಧ್ರದ ಕರಿಮಣ್ಣಿನ ಜಿಲ್ಲೆಗಳನ್ನೂ ಆವರಿಸಿತು. ಅದಕ್ಕೆ ಬಡಿದ ಪೆಟ್ಟೆಂದರೆ ಸಿಡಿ ರೋಗ, ಅಂದರೆ ಸೊರಗು ರೋಗ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಶಿಲೀಂಧ್ರ ಬೇರಿನ ಮೂಲಕ ಒಳಹೊಕ್ಕು, ನೀರು ಹರಿಯುವ ನಾಳಗಳನ್ನೇ ಮುಚ್ಚುತ್ತದೆ. ಮಣ್ಣಿನಲ್ಲಿ ತೇವ ಇದ್ದರೂ ಗಿಡ ಬಾಡುತ್ತದೆ. ಅಣ್ಣಿಗೇರಿಗೆ ಇದನ್ನು ತಡೆಯುವ ಶಕ್ತಿ ಸಾಲದು.

ಇಲ್ಲಿಂದ ಅಪ್ಪನ ಮಾತು ಶುರುವಾಗುತ್ತದೆ. ಜಬಲ್‌ಪುರದ ಕೃಷಿ ವಿಶ್ವವಿದ್ಯಾಲಯ ಮತ್ತು ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ಸೇರಿ ಬೆಳೆಸಿದ ಜೆಜಿ-11 ತಳಿ 1999ರಲ್ಲಿ ಬಿಡುಗಡೆಯಾಯಿತು. ಸುಮಾರು ನೂರು ದಿನದೊಳಗೆ ಕೊಯ್ಲಿಗೆ ಬರುತ್ತದೆ, ಕಾಳು ದಪ್ಪ, ಸಿಡಿ ರೋಗವನ್ನು ತಡೆದುಕೊಳ್ಳುತ್ತದೆ. ಆಂಧ್ರದ ಕರ್ನೂಲು, ಪ್ರಕಾಶಂ ಜಿಲ್ಲೆಗಳ ರೈತರು ಇದನ್ನು ಕೈಗೆತ್ತಿಕೊಂಡ ಕೆಲವೇ ವರ್ಷಗಳಲ್ಲಿ ಅಣ್ಣಿಗೇರಿ ಅಲ್ಲಿ ಮೂಲೆಗೆ ಸರಿಯಿತು. ಹೆಕ್ಟೇರಿನ ಇಳುವರಿ ಎರಡು ಪಟ್ಟಿಗೂ ಮೀರಿ ಏರಿತು.

ಬರೀ ಬೀಜದಿಂದ ಹಾಗಾಯಿತೆ? ಇಲ್ಲ. ಒಳ್ಳೆಯ ಬೀಜ ಊರೂರಿಗೆ ತಲುಪಬೇಕು, ಅದೇ ದೊಡ್ಡ ತಲೆನೋವು. ಮಕ್ಕಳೇ ಲೆಕ್ಕ ಮಾಡಿ ನೋಡಲಿ. ಎಕರೆಗೆ 25 ಕಿಲೋ ಬೀಜ ಬೇಕು, 5 ಕ್ವಿಂಟಲ್ ಬೆಳೆಯುತ್ತದೆ ಎನ್ನೋಣ. ಅಂದರೆ ಒಂದಕ್ಕೆ ಇಪ್ಪತ್ತು. ಒಂದು ಕ್ವಿಂಟಲ್ ಮೂಲ ಬೀಜ ಮೊದಲ ವರ್ಷ 20 ಕ್ವಿಂಟಲ್, ಎರಡನೇ ವರ್ಷ 400, ಮೂರನೇ ವರ್ಷ 8,000 ಕ್ವಿಂಟಲ್ ಆಗುತ್ತದೆ. ಒಂದು ಕಾಳೂ ಹುರಿಗಡಲೆಗೆ ಹೋಗದಂತೆ ಕಾದಿಟ್ಟರೂ ಅದು ಸಾಲುವುದು 32,000 ಎಕರೆಗೆ. ನಮ್ಮ ರಾಜ್ಯದಲ್ಲಿ ಕಡಲೆ ಬಿತ್ತುವುದು ಲಕ್ಷಗಟ್ಟಲೆ ಎಕರೆಯಲ್ಲಿ! ಕಡಲೆಯ ಹೂವು ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ ತಳಿ ಬೇಗ ಕೆಡುವುದಿಲ್ಲ. ಒಮ್ಮೆ ಕೊಂಡ ರೈತ ಮೂರು ನಾಲ್ಕು ವರ್ಷ ಮನೆಯ ಬೀಜವನ್ನೇ ಬಿತ್ತಬಹುದು. ರೈತನಿಗೆ ಇದು ವರ. ಬೀಜ ಮಾರುವ ಕಂಪನಿಗಳಿಗೆ ಮಾತ್ರ ಇದರಲ್ಲಿ ಹೆಚ್ಚು ಲಾಭವಿಲ್ಲ, ಆದ್ದರಿಂದ ಅವಕ್ಕೆ ಉತ್ಸಾಹವೂ ಕಡಿಮೆ. ಹಾಗಾಗಿ ವಿಶ್ವವಿದ್ಯಾಲಯ, ಬೀಜ ನಿಗಮ, ಊರಿನ ರೈತರ ಗುಂಪು, ಇವರೇ ಈ ಹೊರೆ ಹೊರಬೇಕಾಗಿದೆ.

ಇನ್ನು ತರಬೇತಿ. ಭಾಷಣ ಕೇಳಿ, ಊಟ ಮಾಡಿ, ಸಹಿ ಹಾಕಿ ಬರುವ ತರಬೇತಿಗಳೂ ಇವೆ, ಅವನ್ನು ಬಿಡಿ. ಹೊಲದಲ್ಲಿ ನಿಂತು ಕಲಿಸಿದ್ದು ಮಾತ್ರ ಉಳಿಯುತ್ತದೆ. ಬಿತ್ತುವ ಮುನ್ನ ಬೀಜಕ್ಕೆ ಟ್ರೈಕೋಡರ್ಮಾ ಲೇಪಿಸುವುದು, ಕಡಲೆಗೆಂದೇ ಇರುವ ರೈಜೋಬಿಯಂ ಹಚ್ಚಿ ನೆರಳಿನಲ್ಲಿ ಆರಿಸುವುದು (ಶೇಂಗಾದ್ದು ಇದಕ್ಕೆ ನಡೆಯದು), ಕಾಯಿಕೊರಕ ಹುಳು ಬಂತೇ ಎಂದು ನೋಡಲು ಮೋಹಕ ಬಲೆ ಕಟ್ಟುವುದು, ಹಕ್ಕಿ ಕೂರಲು ಕವಲುಕಡ್ಡಿ ನೆಡುವುದು. ಇದಕ್ಕೆಲ್ಲ ಬೀಜದಷ್ಟು ಖರ್ಚಿಲ್ಲ. ಜೆಜಿ-11 ಇದ್ದರೂ ಇವು ಬೇಕೇ ಬೇಕು. ಕಾಯಿಕೊರಕಕ್ಕೆ ತಳಿಯ ಹೆಸರು ಗೊತ್ತಿಲ್ಲ. ಬಿಸಿಲು ಏರಿ ತೇವ ಆರಿದ ವರ್ಷ ಬರುವ ಒಣಬೇರು ಕೊಳೆ ರೋಗಕ್ಕೂ ಹೊಸ ತಳಿಯೊಂದೇ ಉತ್ತರವಲ್ಲ.

ನನಗೆ ಬೇಸರ ತರುವ ಸಂಗತಿ ಬೇರೆ ಇದೆ. ತರಬೇತಿಯ ಕೋಣೆಯಲ್ಲಿ ಕೂತವರು ಹೆಚ್ಚಾಗಿ ಗಂಡಸರು. ಆದರೆ ಬೀಜ ಹಸನು ಮಾಡಿ, ಒಣಗಿಸಿ, ಬೂದಿ, ಬೇವಿನ ಎಲೆ ಬೆರೆಸಿ ಮುಂದಿನ ಹಿಂಗಾರಿಯವರೆಗೆ ಹುಳ ಬೀಳದಂತೆ ಕಾಯುವವರು ಯಾರು? ಈ ಹುಡುಗಿಯ ಪತ್ರದಲ್ಲಿ ಅಜ್ಜನ ಮಾತಿದೆ, ಅಪ್ಪನ ಮಾತಿದೆ. ಅವ್ವ ಏನೆಂದಳು ಎಂಬುದೇ ಇಲ್ಲ. ಮುಂದಿನ ಸಲ ತರಬೇತಿಗೆ ಅವಳೂ ಹೋಗಲಿ.

ಜಗಳಕ್ಕೆ ಒಂದು ನಡುದಾರಿಯೂ ಇದೆ. ವಿಜ್ಞಾನಿಗಳು ಅಣ್ಣಿಗೇರಿಯನ್ನು ಕೈಬಿಟ್ಟಿಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಇಕ್ರಿಸ್ಯಾಟ್ ಸೇರಿ, ಸಿಡಿ ರೋಗ ತಡೆಯುವ ಗುಣವನ್ನು ಬೇರೊಂದು ತಳಿಯಿಂದ ಅದಕ್ಕೆ ಸೇರಿಸಿವೆ. ಈ ‘ಸೂಪರ್ ಅಣ್ಣಿಗೇರಿ-1’ ತಳಿಯನ್ನು 2019ರಲ್ಲಿ ಬಿಡುಗಡೆಗೆ ಆರಿಸಲಾಯಿತು. ಬೀಜ ಸಿಕ್ಕರೆ ಅಜ್ಜನೂ ಬೇಡವೆನ್ನಲಾರರು. ಸಿಗದಿದ್ದರೆ ಒಂದೆರಡು ಎಕರೆಯಲ್ಲಿ ಮಾತ್ರ ಜೆಜಿ-11 ಬಿತ್ತಿ, ಉಳಿದದ್ದು ಅಜ್ಜನ ಇಷ್ಟದಂತೆ ಇರಲಿ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಎರಡನ್ನೂ ಅವರೇ ಕಣ್ಣಾರೆ ನೋಡುತ್ತಾರೆ. ಬೆಳೆ ಹೆಚ್ಚಾದ ವರ್ಷ ಬೆಲೆ ಇಳಿಯುವುದೂ ಉಂಟು. ಕಾಲೇಜಿನ ಖರ್ಚನ್ನೆಲ್ಲ ಕಡಲೆಯ ಮೇಲೆ ಹೇರದೆ ಪಕ್ಕದಲ್ಲಿ ಜೋಳವೂ ಇದ್ದರೆ ಕ್ಷೇಮ.

ತಂಗೀ, ನಿನ್ನಿಂದ ಆಗುವ ಕೆಲಸವೂ ಒಂದಿದೆ. ಯಾವ ಬೀಜವೇ ಬರಲಿ, ಚೀಲದ ಚೀಟಿ ನೋಡು. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರುತ್ತದೆ, ಮೊಳಕೆ ಕನಿಷ್ಠ ನೂರಕ್ಕೆ 85 ಇರಬೇಕು. ಆರಿಸದೆ ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡು. ಆರದಂತೆ ದಿನಾ ನೀರು ಚಿಮುಕಿಸಿ, ಎಂಟನೆಯ ದಿನ ಬಿಚ್ಚಿ ಎಣಿಸು. ಮನೆಯ ಬೀಜ 70 ಮಾತ್ರ ಮೊಳೆತರೆ ಎಕರೆಗೆ 25 ಕಿಲೋ ಸಾಲದು, ಸುಮಾರು 30 ಬೇಕು. ಅಜ್ಜನ ಕಾಳನ್ನೂ ಅಪ್ಪನ ಕಾಳನ್ನೂ ಬೇರೆ ಬೇರೆ ಗೋಣಿಯಲ್ಲಿಟ್ಟು ನೋಡಿ, ಯಾವುದು ಎಷ್ಟು ಮೊಳೆಯಿತೆಂದು ನನಗೆ ಬರೆ.